ಚಿಕ್ಕಮಗಳೂರಿನಲ್ಲಿ ಅಂಗಡಿ ಬೋರ್ಡ್: ನಗರಸಭೆಯ ಅನುಮತಿ ಪಡೆಯುವ ಕ್ರಮ

ಬೋರ್ಡ್ ಮಾಡಿಸಿ, ಗೋಡೆಗೆ ಏರಿಸಿ, ಯಾರಾದರೂ ಕೇಳಿದಾಗ ಅರ್ಜಿ ಕೊಟ್ಟರಾಯಿತು ಎನ್ನುವವರೇ ಹೆಚ್ಚು. ಕೆಲಸ ಕೆಡುವುದು ಅಲ್ಲೇ. ಎಸಿಪಿ (ಅಲ್ಯೂಮಿನಿಯಂ ಪದರದ) ಹಾಳೆ ಕತ್ತರಿಸಿ ಅಕ್ರಿಲಿಕ್ ಅಕ್ಷರ ಅಂಟಿಸಿಯಾದ ಮೇಲೆ ‘ಕನ್ನಡದ ಪಾಲು ಸಾಲದು’ ಅಥವಾ ‘ಬೋರ್ಡ್ ಚರಂಡಿ ದಾಟಿ ಚಾಚಿದೆ’ ಎಂದು ಆಕ್ಷೇಪ ಬಂದರೆ ತಿದ್ದಲು ಬರುವುದಿಲ್ಲ, ಹೊಸದನ್ನೇ ಮಾಡಿಸಬೇಕು. ಹಾಗಾಗಿ ಮೊದಲು ಅಳತೆ, ಆಮೇಲೆ ನಕ್ಷೆ, ಆಮೇಲೆ ಅರ್ಜಿ. ಅನುಮತಿ ಪತ್ರ ಕೈಗೆ ಬಂದ ಮೇಲಷ್ಟೇ ಬೋರ್ಡಿನವರಿಗೆ ಮುಂಗಡ ಕೊಡಿ.

ಚಿಕ್ಕಮಗಳೂರು ನಗರಸಭೆ ನಡೆಯುವುದು ಕರ್ನಾಟಕ ಪುರಸಭೆಗಳ ಅಧಿನಿಯಮ 1964ರ ಅಡಿಯಲ್ಲಿ. ಅರ್ಜಿ ಬರೆಯಬೇಕಾದದ್ದು ಪೌರಾಯುಕ್ತರ ಹೆಸರಿಗೆ. ಹಾಸನದವರಿಗೂ ಕಾಗದಪತ್ರ ಬಹುಪಾಲು ಇವೇ. ಕರೆಂಟಿನ ವಿಚಾರಕ್ಕೆ ಮಾತ್ರ ಇಲ್ಲಿ ಮೆಸ್ಕಾಂ, ಅಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ.

ನಿಮ್ಮದು ನಾಮಫಲಕವೋ, ಜಾಹೀರಾತೋ?

ಅರ್ಜಿ ಬರೆಯುವ ಮುನ್ನ ಇದನ್ನು ಇತ್ಯರ್ಥ ಮಾಡಿಕೊಳ್ಳಿ. ನಿಮ್ಮ ಮಳಿಗೆಯಲ್ಲಿ ನಡೆಯುವ ವ್ಯಾಪಾರದ ಹೆಸರನ್ನು ಅದೇ ಮಳಿಗೆಯ ಮುಂದೆ ಹಾಕಿದರೆ ಅದು ನಾಮಫಲಕ. ಬೇರೆ ಯಾರದೋ ಸರಕಿನ ಪ್ರಚಾರ ಅಥವಾ ನಿಮ್ಮದೇ ಅಂಗಡಿಯ ಬೋರ್ಡನ್ನು ಇನ್ನೊಬ್ಬರ ಜಾಗದಲ್ಲಿ ನಿಲ್ಲಿಸುವುದು ಜಾಹೀರಾತು. ಎರಡಕ್ಕೂ ಶುಲ್ಕ ಬೇರೆ, ಪರಿಶೀಲನೆ ಬೇರೆ.

ಸಿಕ್ಕಿಬೀಳುವುದು ಕಂಪನಿಯವರು ಪುಕ್ಕಟೆ ಕೊಡುವ ಬೋರ್ಡಿನಲ್ಲಿ. ತಂಪು ಪಾನೀಯ, ಪೇಂಟು, ಸಿಮೆಂಟು, ಮೊಬೈಲ್ ಕಂಪನಿಯವರು ತಮ್ಮ ಖರ್ಚಿನಲ್ಲಿ ಬೋರ್ಡ್ ಹಾಕಿಕೊಡುತ್ತಾರೆ. ಮುಕ್ಕಾಲು ಭಾಗ ಅವರ ಲಾಂಛನ, ಮೂಲೆಯಲ್ಲಿ ನಿಮ್ಮ ಅಂಗಡಿಯ ಹೆಸರು. ನಗರಸಭೆಯವರ ಕಣ್ಣಿಗೆ ಅದು ಕಂಪನಿಯ ಜಾಹೀರಾತು, ನೋಟಿಸು ಬರುವುದು ಮಾತ್ರ ಅಂಗಡಿಯವರಿಗೆ. ಅಂಥ ಬೋರ್ಡ್ ಒಪ್ಪಿಕೊಳ್ಳುವುದಾದರೆ ವಿನ್ಯಾಸವನ್ನು ಮೊದಲೇ ತರಿಸಿಕೊಂಡು, ನಿಮ್ಮ ಹೆಸರು ದೊಡ್ಡದಾಗಿ ಮೇಲೆ ಬರುವಂತೆ ಬದಲಿಸಲು ಹೇಳಿ. ಕೇಳಿದರೆ ಅವರು ಬದಲಿಸುತ್ತಾರೆ. ಶುಲ್ಕ ಮತ್ತು ದಂಡ ಬಂದರೆ ಕಟ್ಟುವವರು ಯಾರು ಎಂಬುದನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಬೋರ್ಡ್ ನಿಲ್ಲುವ ಜಾಗವೂ ಮುಖ್ಯ. ಎಂ.ಜಿ. ರಸ್ತೆ, ಐ.ಜಿ. ರಸ್ತೆ, ಮಾರ್ಕೆಟ್ ರಸ್ತೆಯ ಮಳಿಗೆಗಳಲ್ಲಿ ಬೋರ್ಡ್ ಸಾಮಾನ್ಯವಾಗಿ ಗೋಡೆಗೆ ಅಂಟಿಕೊಂಡೇ ಇರುತ್ತದೆ, ತಾಪತ್ರಯ ಕಡಿಮೆ. ಕೆ.ಎಂ. ರಸ್ತೆಯ ಸಂಗತಿ ಬೇರೆ. ಮೂಡಿಗೆರೆಯಿಂದ ಚಿಕ್ಕಮಗಳೂರು, ಕಡೂರು ಮಾರ್ಗವಾಗಿ ಹೋಗುವ ರಾಷ್ಟ್ರೀಯ ಹೆದ್ದಾರಿ 173 ಅದು. ಅಲ್ಲಿ ರಸ್ತೆಯಂಚಿನಲ್ಲಿ ಕಂಬ ನೆಟ್ಟು ಬೋರ್ಡ್ ನಿಲ್ಲಿಸುವುದಾದರೆ ಆ ನೆಲ ನಿಮ್ಮದೋ, ಹೆದ್ದಾರಿಯದೋ ಎಂದು ಮೊದಲು ನೋಡಿ. ಹೆದ್ದಾರಿ ಜಾಗಕ್ಕೆ ನಗರಸಭೆಯ ಅನುಮತಿ ಸಾಲದು, ಹೆದ್ದಾರಿ ಪ್ರಾಧಿಕಾರದ ಒಪ್ಪಿಗೆಯೂ ಬೇಕು. ಬೇಲೂರು, ಹಳೇಬೀಡಿನ ಕಡೆ ಶಾಖೆ ತೆರೆಯುವವರಿಗೆ ಇನ್ನೊಂದು ಮಾತು: ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಅಡಿಪಾಯ ತೋಡಿ ಕಂಬ ನಿಲ್ಲಿಸುವ ಯೋಚನೆಯನ್ನೇ ಬಿಟ್ಟು ಗೋಡೆಯ ಬೋರ್ಡಿಗೆ ತೃಪ್ತಿಪಡುವುದು ಒಳ್ಳೆಯದು.

ಕಾಗದಗಳಲ್ಲಿ ಹೆಸರು ಒಂದೇ ಇರಲಿ

ಬೇಕಾಗುವ ದಾಖಲೆಗಳು ಹೆಚ್ಚಿಲ್ಲ: ಚಾಲ್ತಿಯಲ್ಲಿರುವ ಉದ್ದಿಮೆ ಪರವಾನಗಿ, ಕಟ್ಟಡದ ಇ-ಆಸ್ತಿ ನಮೂನೆ-3, ಈ ಸಾಲಿನ ಆಸ್ತಿ ತೆರಿಗೆ ರಸೀದಿ, ಬಾಡಿಗೆ ಮಳಿಗೆಯಾದರೆ ಕರಾರು ಪತ್ರ ಮತ್ತು ಮಾಲೀಕರ ನಿರಾಕ್ಷೇಪಣಾ ಪತ್ರ, ಅರ್ಜಿದಾರರ ಗುರುತಿನ ಚೀಟಿ, ಜಿಎಸ್‌ಟಿ ಇದ್ದರೆ ನೋಂದಣಿ ಪತ್ರ.

ಅರ್ಜಿ ವಾಪಸ್ ಬರುವುದು ಕಾಗದ ಇಲ್ಲದ್ದಕ್ಕಿಂತ ಹೆಚ್ಚಾಗಿ ಹೆಸರು ಹೊಂದದ್ದಕ್ಕೆ. ಪರವಾನಗಿಯಲ್ಲಿ ‘ಶ್ರೀ ಗಣೇಶ ಜನರಲ್ ಸ್ಟೋರ್ಸ್’, ಜಿಎಸ್‌ಟಿಯಲ್ಲಿ ‘ಗಣೇಶ್ ಟ್ರೇಡರ್ಸ್’, ಬೋರ್ಡಿನಲ್ಲಿ ‘ಗಣೇಶ್ ಮಾರ್ಟ್’ ಎಂದಿದ್ದರೆ ಯಾವ ಉದ್ದಿಮೆಗೆ ಅನುಮತಿ ಕೊಡಬೇಕೆಂದು ಗುಮಾಸ್ತರು ಕೇಳುವುದು ನ್ಯಾಯವೇ. ಮೊದಲು ಉದ್ದಿಮೆ ಪರವಾನಗಿಯಲ್ಲಿ ಹೆಸರು ತಿದ್ದಿಸಿ, ನಂತರ ಬೋರ್ಡಿಗೆ ಹೊರಡಿ. ಪರವಾನಗಿಯ ಅವಧಿ ಮಾರ್ಚ್‌ಗೆ ಮುಗಿಯುತ್ತದೆ. ನವೀಕರಿಸದೆ ಏಪ್ರಿಲ್‌ನಲ್ಲಿ ಬೋರ್ಡಿನ ಅರ್ಜಿ ಕೊಟ್ಟರೆ ಅದು ಮೇಜಿನಿಂದ ಏಳುವುದಿಲ್ಲ.

ಮಾಲೀಕರು ತೆರಿಗೆ ಬಾಕಿ ಉಳಿಸಿಕೊಂಡಿದ್ದರೂ ಬಾಡಿಗೆದಾರರ ಅರ್ಜಿಯೇ ನಿಲ್ಲುತ್ತದೆ. ಕರಾರು ಮಾಡಿಕೊಳ್ಳುವ ದಿನವೇ ತೆರಿಗೆ ರಸೀದಿಯ ಪ್ರತಿ ಕೇಳಿ ಪಡೆಯಿರಿ. ನಿರಾಕ್ಷೇಪಣಾ ಪತ್ರದಲ್ಲಿ ‘ಬೋರ್ಡ್ ಹಾಕಲು ಅಭ್ಯಂತರವಿಲ್ಲ’ ಎಂಬ ಒಂದೇ ಸಾಲು ಸಾಲದು. ಬೋರ್ಡಿನ ಅಳತೆ, ಯಾವ ಗೋಡೆ, ಗೋಡೆಗೆ ರಂಧ್ರ ಕೊರೆಯಲು ಒಪ್ಪಿಗೆ, ಖಾಲಿ ಮಾಡುವಾಗ ಬೋರ್ಡ್ ಬಿಚ್ಚಿ ಗೋಡೆ ಸರಿಮಾಡಿಸುವ ಹೊಣೆ ಯಾರದು, ಇಷ್ಟೂ ಇರಲಿ. ಮಹಡಿಯಲ್ಲಿ ಬೇರೆ ಬಾಡಿಗೆದಾರರಿದ್ದು ನಿಮ್ಮ ಬೋರ್ಡ್ ಅವರ ಕಿಟಕಿಯ ಕೆಳಗಂಚನ್ನು ಮುಟ್ಟುವಂತಿದ್ದರೆ ಅವರಿಗೂ ಒಂದು ಮಾತು ಹೇಳಿಬಿಡಿ. ನೆರೆಯವರ ತಕರಾರು ಅರ್ಜಿ ಒಂದು ಬಿದ್ದರೆ ಕಡತ ತಿಂಗಳುಗಟ್ಟಲೆ ಅಲ್ಲೇ ಕೂರುತ್ತದೆ.

ಕನ್ನಡ 60 ಭಾಗ: ಸ್ಕೇಲ್ ಹಿಡಿದು ಲೆಕ್ಕ ಹಾಕಿ

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ಕ್ಕೆ 2024ರಲ್ಲಿ ಆದ ತಿದ್ದುಪಡಿಯಂತೆ ಅಂಗಡಿ, ಹೋಟೆಲು, ಆಸ್ಪತ್ರೆ, ಕಾರ್ಖಾನೆ ಎಲ್ಲದರ ನಾಮಫಲಕದಲ್ಲೂ ಶೇಕಡ 60 ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು. ತಪ್ಪಿದರೆ ಮೊದಲ ಸಲ 5,000 ರೂಪಾಯಿವರೆಗೆ, ಎರಡನೆಯ ಸಲ 10,000ವರೆಗೆ, ಅದರಾಚೆ 20,000 ರೂಪಾಯಿವರೆಗೆ ದಂಡ ಮತ್ತು ಪರವಾನಗಿ ರದ್ದಾಗುವ ಅಪಾಯ. ಕನ್ನಡನಾಡಿನಲ್ಲಿ ವ್ಯಾಪಾರಕ್ಕೆ ಕೂತವರು ದಂಡಕ್ಕೆ ಹೆದರಿ ಅಲ್ಲ, ಗಿರಾಕಿಗೆ ಓದಲು ಬರಲಿ ಎಂದೇ ಇದನ್ನು ಸರಿಯಾಗಿ ಮಾಡಬೇಕು. ಸಂತೆಗೆ ಬಂದವರು ಬಸ್ಸಿನಿಂದ ಇಳಿದು ಹುಡುಕುವುದು ಕನ್ನಡದ ಹೆಸರನ್ನೇ.

ಲೆಕ್ಕ ಹೀಗೆ. 10 ಅಡಿ ಅಗಲ, 3 ಅಡಿ ಎತ್ತರದ ಬೋರ್ಡ್ ಅಂದರೆ 30 ಚದರಡಿ. ಅದರ 60 ಭಾಗ 18 ಚದರಡಿ. ಅಂದರೆ 36 ಅಂಗುಲ ಎತ್ತರದಲ್ಲಿ ಮೇಲಿನ 21.6 ಅಂಗುಲ ಪೂರ್ತಿ ಕನ್ನಡಕ್ಕೆ, ಕೆಳಗಿನ 14.4 ಅಂಗುಲ ಉಳಿದದ್ದಕ್ಕೆ. ಕಟ್ಟುನಿಟ್ಟಾಗಿ 60ಕ್ಕೇ ನಿಲ್ಲಿಸಬೇಡಿ, ಕನ್ನಡದ ಪಟ್ಟಿಯನ್ನು 23 ಅಂಗುಲ ಮಾಡಿ. ಚೌಕಟ್ಟಿನ ಅಂಚಿನಲ್ಲಿ ಅರ್ಧ ಅಂಗುಲ ಹೋದರೂ ಪ್ರಮಾಣ ಉಳಿಯುತ್ತದೆ. ಲಾಂಛನ, ಇಂಗ್ಲಿಷ್ ಹೆಸರು, ಫೋನ್ ನಂಬರ್, ಜಿಎಸ್‌ಟಿ ಸಂಖ್ಯೆ ಎಲ್ಲವೂ ಕೆಳಗಿನ ಪಟ್ಟಿಗೆ ಹೋಗಲಿ. ಕನ್ನಡದ ಪಕ್ಕದಲ್ಲೇ ಎಡಕ್ಕೆ ದೊಡ್ಡ ಗುಂಡನೆಯ ಇಂಗ್ಲಿಷ್ ಲಾಂಛನ ಇಟ್ಟು ಆ ಜಾಗವನ್ನೂ ಕನ್ನಡದ ಲೆಕ್ಕಕ್ಕೆ ಸೇರಿಸುವುದು ವಿನ್ಯಾಸದವರು ಮಾಡುವ ಸಾಮಾನ್ಯ ತಪ್ಪು.

ಒತ್ತಕ್ಷರವನ್ನು ಮರೆಯುವುದು ಎರಡನೆಯ ತಪ್ಪು. ಇಂಗ್ಲಿಷ್ ದೊಡ್ಡಕ್ಷರಗಳು ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಕನ್ನಡದಲ್ಲಿ ‘ಸ್ಟೋರ್ಸ್’ ಎಂದು ಬರೆದರೆ ಒತ್ತು ಗೆರೆಯಿಂದ ಕೆಳಗಿಳಿಯುತ್ತದೆ, ಮೇಲೆ ಸ್ವರಚಿಹ್ನೆ ಏರುತ್ತದೆ. ಎರಡೂ ಭಾಷೆಗೆ ಒಂದೇ ಎತ್ತರ ಕೊಟ್ಟರೆ ಕನ್ನಡದ ಮೂಲಾಕ್ಷರ ಅರ್ಧಕ್ಕೆ ಕುಗ್ಗಿ, ಒತ್ತು ಕೆಳಗಿನ ಇಂಗ್ಲಿಷಿಗೆ ತಾಗುತ್ತದೆ. 23 ಅಂಗುಲದ ಪಟ್ಟಿಯಲ್ಲಿ ಮೂಲಾಕ್ಷರ 11ರಿಂದ 12 ಅಂಗುಲ ಇಟ್ಟು, ಕೆಳಗೆ ಒತ್ತಿಗೆ ನಾಲ್ಕೈದು ಅಂಗುಲ ಬಿಡಿಸಿ. ಇನ್ನೊಂದು ಅಪಾಯ ಫಾಂಟಿನದು. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಒತ್ತುಗಳು ಚದುರಿ ಬೇರೆ ಅಕ್ಷರಗಳೇ ಬರಬಹುದು. ಕತ್ತರಿಸುವ ಯಂತ್ರಕ್ಕೆ ಕಳಿಸುವ ಮುನ್ನ ಅಕ್ಷರಗಳನ್ನು ‘ಕರ್ವ್’ (ಫಾಂಟ್ ಬೇಡದ ರೇಖಾಚಿತ್ರ) ಮಾಡಿಸಿ, ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಕನ್ನಡ ಚೆನ್ನಾಗಿ ಬಲ್ಲವರೊಬ್ಬರಿಂದ ಓದಿಸಿ ಸಹಿ ಹಾಕಿ. ಅಲ್ಪಪ್ರಾಣ, ಮಹಾಪ್ರಾಣ ಮತ್ತು ದೀರ್ಘಗಳಲ್ಲೇ ತಪ್ಪು ನುಸುಳುವುದು. ‘ಶಾಖೆ’ ‘ಶಾಕೆ’ ಆಗಿರುತ್ತದೆ, ‘ಹೋಟೆಲ್’ ‘ಹೊಟೆಲ್’ ಆಗಿರುತ್ತದೆ.

ಜಿಎಸ್‌ಟಿ ನೋಂದಣಿ ಇದ್ದರೆ 2017ರ ನಿಯಮ 18ರ ಪ್ರಕಾರ ಆ 15 ಅಂಕಿ-ಅಕ್ಷರಗಳ ಸಂಖ್ಯೆ ಪ್ರವೇಶದ್ವಾರದ ನಾಮಫಲಕದಲ್ಲಿ ಇರಲೇಬೇಕು. ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿ ಆರಿಸಿಕೊಂಡವರು ಅದನ್ನೂ ಫಲಕದಲ್ಲಿ ತಿಳಿಸಬೇಕು. ಒಂದು ಅಂಗುಲ ಎತ್ತರದ ಅಕ್ಷರ ಸಾಕು.

ಫ್ಲೆಕ್ಸ್ ಬೇಡ

ಕಬ್ಬಿಣದ ಚೌಕಟ್ಟಿಗೆ ಫ್ಲೆಕ್ಸ್ ಬಿಗಿದು ನಿಲ್ಲಿಸುವುದು ಅಗ್ಗ. ಆದರೆ ರಾಜ್ಯ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲೇ ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್, ಫ್ಲೆಕ್ಸ್‌ಗಳನ್ನು ನಿಷೇಧಿಸಿದೆ. ಕೇಂದ್ರದ ನಿಯಮದಂತೆ 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್‌ಗೂ ನಿಷೇಧವಿದೆ. ಅರ್ಜಿಯಲ್ಲಿ ‘ಫ್ಲೆಕ್ಸ್’ ಎಂದು ಬರೆದರೆ ಅಲ್ಲಿಗೆ ಮುಗಿಯಿತು. ಎಸಿಪಿ ಹಾಳೆ, ಜಿಐ ತಗಡಿನ ಮೇಲೆ ಪೇಂಟಿಂಗ್, ಮರ, ಇವುಗಳಲ್ಲಿ ಒಂದನ್ನು ಆರಿಸಿ. ಅಂಗಡಿ ಉದ್ಘಾಟನೆಗೆ ಬಟ್ಟೆಯ ಬ್ಯಾನರ್ ಬರೆಸಿ, ಅದಕ್ಕೂ ಅವಧಿ ನಮೂದಿಸಿ ಬೇರೆ ಅರ್ಜಿ ಕೊಡಿ. ಸಿಕ್ಕ ಗೋಡೆ, ಕಂಬಗಳಿಗೆಲ್ಲ ಪೋಸ್ಟರ್ ಅಂಟಿಸುವ ಆಸೆ ಬೇಡ. ಊರಿನ ಅಂದಗೆಡಿಸುವುದನ್ನು ತಡೆಯುವ 1981ರ ರಾಜ್ಯ ಕಾಯ್ದೆಯಲ್ಲಿ ಅದಕ್ಕೆ ಆರು ತಿಂಗಳವರೆಗೆ ಸಜೆ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ.

ಗೋಡೆ, ಗಾಳಿ, ತಂತಿ

ಅನುಮತಿ ಕೊಡುವವರು ನೋಡುವುದು ಅಕ್ಷರಗಳನ್ನಷ್ಟೇ ಅಲ್ಲ. ಬೋರ್ಡ್ ಯಾರ ತಲೆಯ ಮೇಲಾದರೂ ಬೀಳುತ್ತದೆಯೇ ಎಂಬುದೇ ಇಂಜಿನಿಯರ್ ಅವರ ಮೊದಲ ಪ್ರಶ್ನೆ. ಮಲೆನಾಡಿನ ಬಾಗಿಲಲ್ಲಿರುವ ಊರಿನಲ್ಲಿ, ಜೂನ್‌ನಿಂದ ಬೀಸುವ ಮಳೆಗಾಳಿಗೆ ಈ ಪ್ರಶ್ನೆ ಸಣ್ಣದಲ್ಲ. ಸೆಕೆಂಡಿಗೆ 33 ಮೀಟರ್ ವೇಗದ ಗಾಳಿ ಒಂದು ಚದರ ಮೀಟರ್ ಮೇಲೆ ಹಾಕುವ ಒತ್ತಡ ಸುಮಾರು 650 ನ್ಯೂಟನ್. ನಮ್ಮ 30 ಚದರಡಿ ಬೋರ್ಡ್ 2.8 ಚದರ ಮೀಟರಿನ ಹತ್ತಿರ. ಅಲ್ಲಿಗೆ 185 ಕಿಲೋ ಭಾರವನ್ನು ಗೋಡೆಯಿಂದ ಹೊರಕ್ಕೆ ಜಗ್ಗಿದಂತಾಯಿತು, ಬೋರ್ಡಿನ ಸ್ವಂತ ತೂಕ ಬೇರೆ.

ಹಳೆಯ ಹೆಂಚಿನ ಕಟ್ಟಡಗಳ ಗೋಡೆ ಮಣ್ಣಿನ ಗಾರೆಯದು. ಅದಕ್ಕೆ ಆಂಕರ್ ಬೋಲ್ಟ್ ಹೊಡೆದರೆ ಬಿಗಿಯಾದಂತೆ ಕಾಣುತ್ತದೆ, ಎರಡು ಮಳೆಗಾಲ ಕಳೆದ ಮೇಲೆ ಬೆರಳಲ್ಲಿ ತಿರುಗಿಸಿದರೂ ಹೊರಬರುತ್ತದೆ. ಅಂಥ ಗೋಡೆಗೆ 10 ಮಿ.ಮೀ. ಬೋಲ್ಟನ್ನು ಆರ್‌ಪಾರ್ ಹಾಯಿಸಿ, ಒಳಗಡೆ 4 ಅಂಗುಲ ಚೌಕದ 5 ಮಿ.ಮೀ. ಕಬ್ಬಿಣದ ಪ್ಲೇಟ್ ಇಟ್ಟು ನಟ್ ಬಿಗಿಯಬೇಕು. ಕಾಂಕ್ರೀಟ್ ಬೀಮ್ ಇದ್ದರೆ ಆಂಕರ್ ಸಾಕು. 10 ಅಡಿ ಬೋರ್ಡಿಗೆ ಮೇಲೆ ಮೂರು, ಕೆಳಗೆ ಮೂರು ಕಡೆ ಹಿಡಿತ ಇರಲಿ. ಚೌಕಟ್ಟಿಗೆ ಒಂದಂಗುಲದ ಚೌಕ ಪೈಪ್ ಬಳಸುವಾಗ 18 ಗೇಜ್ ಬಿಟ್ಟು 16 ಗೇಜ್ ಹಾಕಿಸಿ. ದಪ್ಪ 1.2 ಮಿ.ಮೀ.ಯಿಂದ 1.6 ಮಿ.ಮೀ.ಗೆ ಏರುತ್ತದೆ, ಬೆಸುಗೆಯಲ್ಲಿ ತೂತು ಬೀಳುವುದಿಲ್ಲ. ಬೆಸುಗೆಯ ಜಾಗಕ್ಕೆ ರೆಡ್ ಆಕ್ಸೈಡ್ ಬಳಿಯದೆ ಎಸಿಪಿ ಮುಚ್ಚಿದರೆ ಒಳಗೇ ತುಕ್ಕು ತಿನ್ನುತ್ತದೆ, ಹೊರಗೆ ಏನೂ ಕಾಣದು. ಹಾಳೆ ಮುಚ್ಚುವ ಮುನ್ನ ಹೋಗಿ ನೋಡಿಬನ್ನಿ. ಕೆಳಗಿನ ಅಂಚಿನಲ್ಲಿ ಎರಡು ಅಡಿಗೊಂದರಂತೆ ಸಣ್ಣ ನೀರುಗಂಡಿ ಬಿಡಿಸಿ.

ರಸ್ತೆಗೆ ಅಡ್ಡವಾಗಿ ಚಾಚುವ ಬೋರ್ಡ್ ಬೇಡವೆಂದೇ ನಮ್ಮ ಸಲಹೆ. ಆಕ್ಷೇಪ ಬರುವುದು ಹೆಚ್ಚಾಗಿ ಅವಕ್ಕೇ, ಗಾಳಿ ಪೂರ್ತಿ ಹೊಡೆಯುವುದೂ ಅವಕ್ಕೇ. ಬೇಕೇ ಬೇಕಿದ್ದರೆ ಚಾಚು ಚಿಕ್ಕದಿರಲಿ, ಫುಟ್‌ಪಾತಿನಿಂದ ಬೋರ್ಡಿನ ಕೆಳಗಂಚಿಗೆ ಎಂಟೂವರೆ ಅಡಿಯಾದರೂ ಇರಲಿ.

ಇನ್ನು ತಂತಿ. 650 ವೋಲ್ಟ್‌ವರೆಗಿನ ಮಾಮೂಲಿ ವಿದ್ಯುತ್ ಲೈನಿಗೂ ಕಟ್ಟಡಕ್ಕೂ ಅಡ್ಡಲಾಗಿ 1.2 ಮೀಟರ್, ಮೇಲಕ್ಕೆ 2.5 ಮೀಟರ್ ಅಂತರ ಬೇಕೆಂದು ಕೇಂದ್ರ ವಿದ್ಯುತ್ ಸುರಕ್ಷತಾ ನಿಯಮ ಹೇಳುತ್ತದೆ. 11 ಕೆವಿ ಲೈನಾದರೆ ಅಡ್ಡಲಾಗಿ 1.2, ಮೇಲಕ್ಕೆ 3.7 ಮೀಟರ್. ಬೋರ್ಡ್ ಏರಿಸುವವರು ಹಿಡಿಯುವ ಕಬ್ಬಿಣದ ಏಣಿ, ಉದ್ದದ ಪೈಪು ಈ ಅಂತರವನ್ನು ಕ್ಷಣದಲ್ಲಿ ಕಡಿಮೆ ಮಾಡುತ್ತವೆ. ಲೈನ್ ಹತ್ತಿರವಿದ್ದರೆ ಮೆಸ್ಕಾಂ ಶಾಖಾ ಕಚೇರಿಗೆ ಪತ್ರ ಕೊಟ್ಟು, ಅವರು ಲೈನ್ ಆಫ್ ಮಾಡಿಕೊಟ್ಟ ಸಮಯದಲ್ಲೇ ಏರಿಸಿ. ಇಲ್ಲಿ ಧೈರ್ಯ ತೋರಿಸುವ ಪ್ರಶ್ನೆಯೇ ಇಲ್ಲ.

ದೀಪದ ಬೋರ್ಡಾದರೆ

ಅರ್ಜಿಯಲ್ಲಿ ಒಟ್ಟು ವ್ಯಾಟ್ ಬರೆಯಬೇಕು, ಅಂದಾಜಿಗೆ ಬರೆಯಬೇಡಿ. 1.2 ವ್ಯಾಟಿನ 80 ಎಲ್‌ಇಡಿ ಮಾಡ್ಯೂಲ್ ಅಂದರೆ 96 ವ್ಯಾಟ್. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಅದರ ಸಾಮರ್ಥ್ಯದ ಶೇಕಡ 80ಕ್ಕಿಂತ ಹೆಚ್ಚು ದುಡಿಸಬಾರದು, ಹಾಗಾಗಿ 120 ವ್ಯಾಟ್‌ಗಿಂತ ಮೇಲಿನದು ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 150 ವ್ಯಾಟಿನದನ್ನು ಹಾಕಿ.

ಪೆಟ್ಟಿಗೆ ಎಲ್ಲಿ ಕೂರಬೇಕು ಎಂಬುದರಲ್ಲಿ ತಪ್ಪುವವರು ಬಹಳ. ಅದನ್ನು ಅಂಗಡಿಯೊಳಗಿಟ್ಟು 12 ವೋಲ್ಟಿನ ತೆಳು ತಂತಿಯನ್ನು 10 ಮೀಟರ್ ಎಳೆದರೆ, 8 ಆಂಪಿಯರ್‌ಗೆ 0.75 ಚ.ಮಿ.ಮೀ. ತಂತಿಯಲ್ಲಿ ಮೂರೂವರೆ ವೋಲ್ಟಿಗೂ ಹೆಚ್ಚು ಸೋರಿಹೋಗುತ್ತದೆ. ಅಕ್ಷರಗಳು ಮಂಕಾಗಿ ಉರಿಯುತ್ತವೆ, ಕೊನೆಯವಂತೂ ಇನ್ನೂ ಮಂಕು. ಪೆಟ್ಟಿಗೆಯನ್ನು ಬೋರ್ಡಿನ ಹತ್ತಿರವೇ ಮಳೆ ತಾಗದ ಕವಚದಲ್ಲಿಟ್ಟು, ಅಲ್ಲಿಯವರೆಗೆ 230 ವೋಲ್ಟಿನ ಮೂರೆಳೆ ಕೇಬಲ್ ಒಯ್ಯಿರಿ. ಬೋರ್ಡಿನ ಲೋಹದ ಚೌಕಟ್ಟಿಗೆ ಅರ್ಥಿಂಗ್, ಲೈನಿಗೆ ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಇವೆರಡನ್ನೂ ಬಿಡಬೇಡಿ. ಒದ್ದೆ ಗೋಡೆಯ ಮೇಲೆ ಲೋಹದ ಬೋರ್ಡ್ ಇರುವಾಗ ಜೀವ ಉಳಿಸುವುದು ಅವೇ. ಮಾಡ್ಯೂಲ್‌ಗಳ ಮೇಲೆ ಧೂಳು, ನೀರು ತಡೆಯುವ ಗುರುತು ಐಪಿ 65 ಅಥವಾ 67 ಎಂದಿರಲಿ. ಕರೆಂಟನ್ನು ವಾಣಿಜ್ಯ ಮೀಟರಿನಿಂದಲೇ ತೆಗೆದುಕೊಳ್ಳಿ, ಮಹಡಿಯ ಮನೆಯ ಮೀಟರಿನಿಂದ ಎಳೆದರೆ ಅದು ಬೇರೆಯೇ ಪ್ರಕರಣವಾಗುತ್ತದೆ. ಮಿಟುಕುವ ದೀಪ, ಸಿಗ್ನಲ್ ಹತ್ತಿರ ಕೆಂಪು, ಹಸಿರು ಬಣ್ಣ ಬೇಡ.

ನಕ್ಷೆ ಮತ್ತು ಅರ್ಜಿ

ಎ4 ಹಾಳೆಯಲ್ಲಿ ಮೂರು ಚಿತ್ರ ಸಾಕು. ಮೊದಲನೆಯದು ಎದುರಿನ ನೋಟ: ಬೋರ್ಡಿನ ಅಗಲ, ಎತ್ತರ, ಕನ್ನಡದ ಪಟ್ಟಿಯ ಅಳತೆ ಮತ್ತು ಶೇಕಡಾವಾರು. ಎರಡನೆಯದು ಪಕ್ಕದ ನೋಟ: ನೆಲದಿಂದ ಕೆಳಗಂಚಿನ ಎತ್ತರ, ಗೋಡೆಯಿಂದ ಎಷ್ಟು ಅಂಗುಲ ಹೊರಗೆ, ಬೋಲ್ಟಿನ ವಿವರ. ಮೂರನೆಯದು ಜಾಗದ ನಕ್ಷೆ: ರಸ್ತೆ, ಚರಂಡಿ, ಫುಟ್‌ಪಾತ್, ವಿದ್ಯುತ್ ಕಂಬ, ಅಕ್ಕಪಕ್ಕದ ಮಳಿಗೆ. ಎಲ್ಲ ಅಳತೆಯನ್ನೂ ಅಡಿ ಮತ್ತು ಮೀಟರ್ ಎರಡರಲ್ಲೂ ಬರೆಯಿರಿ. ಶುಲ್ಕ ಚದರ ಅಳತೆಯ ಮೇಲೆ ಬಿದ್ದರೆ ಗೊಂದಲ ಆಗದು. ಎರಡೂ ಕಡೆ ಓದಿಸುವ ಬೋರ್ಡಾದರೆ ಎರಡೂ ಮುಖದ ಅಳತೆ ಪ್ರತ್ಯೇಕ ಬರೆಯಿರಿ. ಜೊತೆಗೆ ಫೋಟೋ: ರಸ್ತೆಯಾಚೆ ನಿಂತು ಇಡೀ ಕಟ್ಟಡದ್ದೊಂದು, ತಂತಿ ಮತ್ತು ಕಂಬ ಕಾಣುವಂಥದ್ದೊಂದು.

ಅರ್ಜಿಯ ಒಕ್ಕಣೆ ಹೀಗಿದ್ದರೆ ಸಾಕು:

‘ವಿಷಯ: ____ ರಸ್ತೆಯ ಸ್ವತ್ತಿನ ಸಂಖ್ಯೆ ____ರ ಕಟ್ಟಡದ ನೆಲಮಹಡಿ ಮಳಿಗೆಯಲ್ಲಿ ಸ್ವಂತ ಉದ್ದಿಮೆಯ ನಾಮಫಲಕ ಅಳವಡಿಸಲು ಅನುಮತಿ ಕೋರಿ. ಮಾನ್ಯರೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉದ್ದಿಮೆ ಪರವಾನಗಿ ಸಂಖ್ಯೆ ____ರಂತೆ ನಾನು ನಡೆಸುತ್ತಿರುವ ____ ಅಂಗಡಿಗೆ 10 ಅಡಿ x 3 ಅಡಿ ಅಳತೆಯ, ಎಸಿಪಿ ಹಾಳೆಯ, 96 ವ್ಯಾಟ್ ಎಲ್‌ಇಡಿ ದೀಪವುಳ್ಳ ಒಂದು ನಾಮಫಲಕವನ್ನು ಗೋಡೆಗೆ ಹೊಂದಿಕೊಂಡಂತೆ ಅಳವಡಿಸಲು ಉದ್ದೇಶಿಸಿದ್ದೇನೆ. ಫಲಕದ ಮೇಲ್ಭಾಗದಲ್ಲಿ ಶೇಕಡ 60ಕ್ಕೂ ಹೆಚ್ಚು ಕನ್ನಡವಿದ್ದು, ನಕ್ಷೆಯನ್ನು ಲಗತ್ತಿಸಿದೆ. ನಿಯಮಾನುಸಾರ ಶುಲ್ಕ ಪಾವತಿಸಲು ಬದ್ಧನಿದ್ದೇನೆ.’

ಕೆಳಗೆ ಲಗತ್ತುಗಳ ಪಟ್ಟಿ, ದಿನಾಂಕ, ಸಹಿ. ಫಲಕದಿಂದ ಯಾರಿಗಾದರೂ ಹಾನಿಯಾದರೆ ಹೊಣೆ ನಿಮ್ಮದೆಂಬ ಮುಚ್ಚಳಿಕೆ ಕೇಳಿದರೆ ಅದನ್ನು ಇ-ಸ್ಟ್ಯಾಂಪ್ ಕಾಗದದ ಮೇಲೆ ಕೊಡಿ. ಎರಡು ಪ್ರತಿ ಒಯ್ದು, ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು ಇನ್ನೊಂದರ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ನೇರವಾಗಿ ಮೇಜಿನ ಮೇಲೆ ಇಟ್ಟು ಬಂದ ಅರ್ಜಿಗೆ ಲೆಕ್ಕವಿಲ್ಲ. ಮಾರ್ಚ್‌ನಲ್ಲಿ ಕಂದಾಯ ಶಾಖೆಯವರು ತೆರಿಗೆ ವಸೂಲಿಯಲ್ಲಿ ಮುಳುಗಿರುತ್ತಾರೆ. ಜನವರಿಯಲ್ಲಿ ಅಥವಾ ಏಪ್ರಿಲ್ ನಡುವಿನಲ್ಲಿ ಕೊಟ್ಟರೆ ಮಳೆ ಹಿಡಿಯುವ ಮುನ್ನ ಬೋರ್ಡ್ ಏರಿಸಲು ಸಮಯ ಸಿಗುತ್ತದೆ.

ತನಿಖೆ, ಶುಲ್ಕ, ಆಮೇಲೆ

ಸ್ಥಳ ತನಿಖೆಗೆ ಬಂದಾಗ ಅಂಗಡಿಯಲ್ಲಿ ನೀವೇ ಇರಿ. ಬೋರ್ಡ್ ಬರುವ ಜಾಗದ ನಾಲ್ಕು ಮೂಲೆಯನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿಟ್ಟರೆ ಟೇಪ್ ಹಿಡಿದು ಅಳೆಯುವುದು ಐದು ನಿಮಿಷದ ಕೆಲಸ. ಬದಲಾವಣೆ ಹೇಳಿದರೆ ವಾದಕ್ಕೆ ನಿಲ್ಲದೆ, ಆ ಮಾತನ್ನು ನಕ್ಷೆಯ ಪ್ರತಿಯ ಮೇಲೆ ಅವರ ಮುಂದೆಯೇ ಬರೆದುಕೊಳ್ಳಿ, ತಿದ್ದಿದ ನಕ್ಷೆಯನ್ನು ಎರಡು ದಿನದೊಳಗೆ ಕೊಡಿ.

ಶುಲ್ಕದ ದರ ನಗರಸಭೆಯ ನಿರ್ಣಯದಂತೆ. ಬಾಯಿಮಾತಿನ ಮೊತ್ತಕ್ಕೆ ಹಣ ಕೊಡಬೇಡಿ. ಚಲನ್ ಪಡೆದು ಬ್ಯಾಂಕಿನಲ್ಲಿ ಅಥವಾ ಆನ್‌ಲೈನ್‌ನಲ್ಲಿ ಕಟ್ಟಿ, ರಸೀದಿಯನ್ನು ಕಡತಕ್ಕೆ ಸೇರಿಸಲು ಪ್ರತಿ ಕೊಡಿ. ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದ ಹಿಂಬರಹ ಕೇಳಿ, ಅದಿಲ್ಲದೆ ಮುಂದಿನ ಅರ್ಜಿಯಲ್ಲಿ ಏನು ತಿದ್ದಬೇಕೆಂದು ಗೊತ್ತಾಗದು. ಉತ್ತರವೇ ಬಾರದಿದ್ದರೆ ಸ್ವೀಕೃತಿ ಸಂಖ್ಯೆ ಹಾಕಿ ಜ್ಞಾಪನ ಪತ್ರ ಕೊಡಿ. ಅದಕ್ಕೂ ಜಗ್ಗದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ಕಡತದ ಈಗಿನ ಸ್ಥಿತಿ ಕೇಳಿದರೆ 30 ದಿನದಲ್ಲಿ ಮಾಹಿತಿ ಕೊಡಬೇಕಾಗುತ್ತದೆ.

ಅನುಮತಿ ಪತ್ರ ಬಂದೊಡನೆ ಅದರಲ್ಲಿನ ಅಳತೆ, ಅವಧಿ, ಷರತ್ತುಗಳನ್ನು ಓದಿ, ಅದೇ ಅಳತೆಯನ್ನು ಬೋರ್ಡಿನವರ ಕೊಟೇಶನ್‌ನಲ್ಲಿ ಬರೆಸಿ. ಏರಿಸಿದ ದಿನ ಫೋಟೋ ತೆಗೆದಿಡಿ, ಬೋರ್ಡಿನ ಕೆಳಮೂಲೆಯಲ್ಲಿ ಅನುಮತಿ ಸಂಖ್ಯೆ ಬರೆಸಿ, ಪತ್ರದ ಪ್ರತಿಯನ್ನು ಪರವಾನಗಿಯ ಪಕ್ಕದಲ್ಲೇ ಗೋಡೆಗೆ ಹಾಕಿ. ಪ್ರತಿ ಮೇ ತಿಂಗಳಲ್ಲಿ ಬೋಲ್ಟುಗಳನ್ನು ಸ್ಪ್ಯಾನರ್ ಹಾಕಿ ಬಿಗಿಸಿ, ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಒತ್ತಿ ನೋಡಿ. ಅಳತೆ, ಹೆಸರು ಅಥವಾ ಜಾಗ ಬದಲಾದರೆ ಹಳೆಯ ಅನುಮತಿ ನಡೆಯುವುದಿಲ್ಲ, ಹೊಸ ಅರ್ಜಿ ಬೇಕು. ಅಂಗಡಿ ಖಾಲಿ ಮಾಡುವಾಗ ಬೋರ್ಡ್ ಬಿಚ್ಚಿಸಿದ ಬಗ್ಗೆ ನಗರಸಭೆಗೆ ಒಂದು ಪತ್ರ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಕೊಡದಿದ್ದರೆ ಮುಂದಿನ ಸಾಲಿನ ಬೇಡಿಕೆ ನೋಟಿಸು ನಿಮ್ಮ ಹೆಸರಿಗೇ ಬರುತ್ತದೆ.